ಬೆಳೆ ನಿಂತಾಗ ದನ ಕಾಯುವುದು

ಇಂದಿನ ಧಮ್ಮ ಚಿಂತನೆ ಸ್ವಲ್ಪ ಉದ್ದ ಇದೆ. ಚಹಾ ಕುಡಿಯುತ್ತ ನಿಧಾನಕ್ಕೆ ಓದಿ. ಅರ್ಧ ಓದಿ ಮುಂದಿನ ಗ್ರೂಪಿಗೆ ದಾಟಿಸುವ ಅವಸರ ಬೇಡ. ಅವಸರದ ಬಗ್ಗೆ ಕೊನೆಗೆ ಒಂದು ಮಾತು ಬರುತ್ತದೆ.

ಹೋದ ತಿಂಗಳು ನಮ್ಮ ಮನೆಯಲ್ಲಿ ಅವ್ವನ ಪುಣ್ಯಾನುಮೋದನೆ ಇತ್ತು. ಶಹಾಬಾದಿನಿಂದ ಚಿಕ್ಕವ್ವನ ಮಗಳು ಬಂದಿದ್ದಳು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ. ಅವರ ಮನೆಯವರು ಎರಡು ತಲೆಮಾರಿನಿಂದ ಚರ್ಚಿಗೆ ಹೋಗುವವರು. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಹೀಗೇ ಇದೆ. ಜಾತಿಯ ಮನೆ ಬಿಟ್ಟು ಹೊರಟವರು ಒಬ್ಬೊಬ್ಬರು ಒಂದೊಂದು ಬಾಗಿಲು ತಟ್ಟಿದರು. ನಮಗೆ ಬಾಬಾಸಾಹೇಬರು ಬುದ್ಧನ ಬಾಗಿಲು ತೋರಿಸಿದರು, ಅವರಿಗೆ ಮತ್ತೊಂದು ಸಿಕ್ಕಿತು.

ತ್ರಿಶರಣ ಪಂಚಶೀಲ ಮುಗಿಯಿತು. ಊಟ ಆಯಿತು. ಅಕ್ಕ ಕಟ್ಟೆಯ ಮೇಲೆ ಕೂತು ಕೇಳಿದಳು: "ಹೃದಯ ಕಾಯ್ಕೋಬೇಕು ಅಂತ ನಮ್ಮ ಪಾಸ್ಟರ್ ಈ ವಾರ ಹೇಳ್ಯಾರ. ನಾವು ಪ್ರಾರ್ಥನಾ ಮಾಡ್ತೀವಿ, ದೇವ್ರು ಕಾಯ್ತಾನ. ನೀವು ದೇವ್ರೇ ಇಲ್ಲ ಅಂತೀರಿ. ಮತ್ತ ನಿಮ್ಮ ಮನಸ್ಸು ಕಾಯೋರು ಯಾರೋ ತಮ್ಮಾ?"

ಅವಳು ವಾದಕ್ಕೆ ಕೇಳಲಿಲ್ಲ, ತಿಳಿಯಬೇಕೆಂದು ಕೇಳಿದಳು. ಆದರೆ ಆ ಕ್ಷಣ ನನ್ನ ಮನಸ್ಸಿಗೆ ಬಂದ ಉತ್ತರ ಏನು ಗೊತ್ತೇ? "ನಿಮ್ಮ ದೇವರು ಅಷ್ಟು ಕಾಯುವವನಾದರೆ ನಿನ್ನ ಮಗ ದಿನಾ ಯಾಕೆ ಕುಡಿದು ಬರುತ್ತಾನೆ?" ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಚಹಾ ತಂದರು, ಮಾತು ಬೇರೆ ಕಡೆ ಹೋಯಿತು. ನಾನು ತಡೆದುಕೊಂಡೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಚಹಾ ತಡೆಯಿತು. ಐದು ನಿಮಿಷದ ಹಿಂದೆ ಸಕಲ ಜೀವಿಗಳಿಗೂ ಸುಖವಾಗಲಿ ಎಂದು ಕೈ ಮುಗಿದವನು ನಾನೇ. ಅವ್ವನ ನೆನಪಿನ ದಿನ, ಒಡಹುಟ್ಟಿದವಳ ಹಾಗಿರುವ ಅಕ್ಕನ ಎದೆಗೆ ಚುಚ್ಚುವ ಮಾತನ್ನು ಮಸೆಯುತ್ತಿದ್ದವನೂ ನಾನೇ.

ಅಂದಿನಿಂದ ಅವಳ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಮನಸ್ಸು ಕಾಯುವವರು ಯಾರು?

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಇದನ್ನು ಖಡಾಖಂಡಿತವಾಗಿ ಬರೆದಿದ್ದಾರೆ. ಬುದ್ಧ ಮಾರ್ಗದಾತ, ಮೋಕ್ಷದಾತ ಅಲ್ಲ. ದಾರಿ ತೋರಿಸುತ್ತಾನೆ, ಹೊತ್ತುಕೊಂಡು ಹೋಗುವುದಿಲ್ಲ. ಅದೇ ಗ್ರಂಥದಲ್ಲಿ, ಬುದ್ಧನ ಬೋಧನೆಯನ್ನು ಉಳಿದ ಮತಗಳಿಂದ ಬೇರೆ ಮಾಡುವ ಮೊದಲ ಗುರುತು ಎಂದರೆ ಮನಸ್ಸನ್ನೇ ಎಲ್ಲದರ ಕೇಂದ್ರವೆಂದು ಒಪ್ಪಿಕೊಂಡದ್ದು ಎಂದೂ ಹೇಳುತ್ತಾರೆ. ಎರಡನ್ನೂ ಕೂಡಿಸಿ ನೋಡಿದರೆ ಅಕ್ಕನಿಗೆ ಉತ್ತರ ಸಿಗುತ್ತದೆ. ಕಾಯುವವರು ನಾವೇ. ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಾದರೆ ಎಂಟು ತಾಸು ಮುಗಿದ ಮೇಲೆ ಎರಡನೇ ಪಾಳಿಯವರು ಬಂದು ನಿಲ್ಲುತ್ತಾರೆ. ಇಲ್ಲಿ ಎರಡನೇ ಪಾಳಿಗೆ ಯಾರೂ ಬರುವುದಿಲ್ಲ.

ಹಾಗಾದರೆ ಹೇಗೆ ಕಾಯುವುದು? ಮಜ್ಝಿಮ ನಿಕಾಯದ 19ನೆಯ ಸುತ್ತವನ್ನು ನೋಡೋಣ. ಹೆಸರು ದ್ವೇಧಾವಿತಕ್ಕ ಸುತ್ತ, ಅಂದರೆ ಎರಡು ಬಗೆಯ ವಿಚಾರಗಳು. ಶ್ರಾವಸ್ತಿಯ ಜೇತವನದಲ್ಲಿ ಭಗವಾನರು ಭಿಕ್ಖುಗಳಿಗೆ ತಮ್ಮದೇ ಹಳೆಯ ಅನುಭವ ಹೇಳುತ್ತಾರೆ. ಬೋಧಿ ಸಿಗುವ ಮೊದಲು, ಇನ್ನೂ ಹುಡುಕುತ್ತಿದ್ದ ಕಾಲದಲ್ಲಿ, ಅವರು ತಮ್ಮ ಮನಸ್ಸಿಗೆ ಬರುವ ವಿಚಾರಗಳನ್ನು ಎರಡು ರಾಶಿ ಮಾಡಿದರಂತೆ. ಭೋಗದಾಸೆಯ ವಿಚಾರ, ಮತ್ತೊಬ್ಬರಿಗೆ ಕೇಡಾಗಲಿ ಎನ್ನುವ ವಿಚಾರ, ಹಿಂಸೆಯ ವಿಚಾರ, ಇವು ಒಂದು ಕಡೆ. ಆಸೆ ಬಿಡುವ ವಿಚಾರ, ಕೇಡು ಬಯಸದ ವಿಚಾರ, ಅಹಿಂಸೆಯ ವಿಚಾರ, ಇವು ಇನ್ನೊಂದು ಕಡೆ. ಕೆಟ್ಟದ್ದು ಬಂದಾಗ ತಮ್ಮನ್ನೇ ಕೇಳಿಕೊಂಡರು: ಇದು ನನಗೆ ನೋವೇ? ಬೇರೆಯವರಿಗೆ ನೋವೇ? ಇಬ್ಬರಿಗೂ ನೋವೇ? ಹೌದು ಎಂದು ಕಂಡ ಕೂಡಲೇ ಆ ವಿಚಾರ ಇಳಿದು ಹೋಗುತ್ತಿತ್ತು. ಯಾವುದನ್ನು ಪದೇ ಪದೇ ಮನಸ್ಸಿನಲ್ಲಿ ಮೆಲುಕು ಹಾಕುತ್ತೇವೋ ಮನಸ್ಸು ಆ ಕಡೆಗೇ ವಾಲುತ್ತದೆ ಎಂದೂ ಹೇಳಿದರು.

ಇದರಲ್ಲಿ ನಮಗೆ ದೊಡ್ಡ ಸಮಾಧಾನ ಇದೆ. ನಮ್ಮ ಬಳಗದ ಒಬ್ಬ ಉಪಾಸಿಕೆ ಹೋದ ವರ್ಷ ಧ್ಯಾನದಿಂದ ಎದ್ದು ಅತ್ತುಬಿಟ್ಟರು. "ಕಣ್ಣು ಮುಚ್ಚಿದ್ರ ಬರೀ ಕೆಟ್ಟ ವಿಚಾರ ಬರ್ತಾವ್ರಿ. ನಾ ಪಾಪಿ ಇದ್ದೀನಿ, ಧಮ್ಮಕ್ಕ ಲಾಯಕ್ಕಿಲ್ಲ" ಎಂದರು. ತಾಯಿ, ಬೋಧಿಸತ್ತ್ವನಿಗೂ ಬಂದವು. ಬಂದವು ಎಂದು ಅವರೇ ಬಾಯಿಬಿಟ್ಟು ಹೇಳಿದ್ದಾರೆ. ವಿಚಾರ ಬರುವುದು ಪಾಪವಲ್ಲ. ಬಂದದ್ದನ್ನು ಕರೆದು ಕೂರಿಸಿ, ಹುಲ್ಲು ಹಾಕಿ ಸಾಕುತ್ತೇವಲ್ಲ, ಕೆಡುವುದು ಅಲ್ಲಿ.

ಮುಂದೆ ಭಗವಾನರು ಒಂದು ಉಪಮೆ ಕೊಡುತ್ತಾರೆ. ಮಳೆಗಾಲದ ಕೊನೆಯ ತಿಂಗಳು, ಹೊಲದ ತುಂಬ ಬೆಳೆ ನಿಂತಿದೆ. ದನ ಕಾಯುವವನು ಕೋಲು ಹಿಡಿದು ದನಗಳನ್ನು ಈ ಕಡೆ ಹೊಡೆಯುತ್ತಾನೆ, ಆ ಕಡೆ ತಿರುಗಿಸುತ್ತಾನೆ, ತಡೆಯುತ್ತಾನೆ. ಯಾಕೆ? ಒಂದು ದನ ಬೆಳೆಗೆ ಬಾಯಿ ಹಾಕಿದರೂ ತನಗೆ ಹೊಡೆತ, ಸೆರೆ, ದಂಡ, ಬೈಗುಳ ತಪ್ಪದು ಎಂದು ಅವನಿಗೆ ಗೊತ್ತು. ಬೋಧಿಸತ್ತ್ವನು ಕೆಟ್ಟ ವಿಚಾರಗಳ ಅಪಾಯವನ್ನು ಹೀಗೆ ಕಂಡನಂತೆ.

ಬಂಧುಗಳೇ, ಈ ಉಪಮೆಯನ್ನು ಪುಸ್ತಕದಲ್ಲಿ ಮೊದಲ ಸಲ ಓದಿದಾಗ ನನಗೆ ನಮ್ಮ ಅಪ್ಪ ನೆನಪಾದರು. ಅಪ್ಪ ಹುಡುಗರಾಗಿದ್ದಾಗ ಊರ ದೊಡ್ಡವರ ಮನೆಯ ದನ ಕಾಯುತ್ತಿದ್ದರು. ದನ ಅವರದಲ್ಲ, ಹೊಲ ಅವರದಲ್ಲ, ಹೊಡೆತ ಮಾತ್ರ ಅವರದು. ಶ್ರಾವಣ ಭಾದ್ರಪದದಲ್ಲಿ ನಮ್ಮ ಕಡೆ ತೊಗರಿ ಸೊಂಟದ ಮಟ್ಟ ಏರುತ್ತದೆ. ಎರಡು ಹೊಲಗಳ ನಡುವಿನ ಬದು ಒಂದು ಮಾರು ಅಗಲ ಇದ್ದರೆ ಹೆಚ್ಚು. ಆ ಬದುವಿನ ಮೇಲೆ ಇಪ್ಪತ್ತು ದನ ದಾಟಿಸಬೇಕು. ಒಂದು ಆಕಳು ಕುತ್ತಿಗೆ ಚಾಚಿ ಒಂದು ಗಿಡ ಎಳೆದರೂ ಸಂಜೆ ಕಟ್ಟೆಯ ಮುಂದೆ ನಿಂತು ಉತ್ತರ ಕೊಡಬೇಕು. ಅಪ್ಪನ ಬೆನ್ನ ಮೇಲೆ ಹಾಗೆ ಬಿದ್ದ ಒಂದು ಬರೆ ಕೊನೆಯವರೆಗೂ ಇತ್ತು.

ಬುದ್ಧ ರಾಜನ ಮನೆಯಲ್ಲಿ ಹುಟ್ಟಿದವನು ಎನ್ನುತ್ತೇವೆ. ಆದರೆ ಈ ಉಪಮೆಯನ್ನು ಹೊಲದ ಒಡೆಯನ ಕಣ್ಣಿಂದ ಕಂಡು ಹೇಳಿಲ್ಲ. ಒಡೆಯನಾಗಿದ್ದರೆ ಬೆಳೆ ಹಾಳಾಯಿತು ಎನ್ನುತ್ತಿದ್ದ. ದನ ಕಾಯುವವನಿಗೆ ಬೀಳುವ ಏಟನ್ನು ಎಣಿಸಿ ಹೇಳಿದ್ದಾನೆ. ನಮ್ಮವರ ಮೈಗೆ ಗೊತ್ತಿದ್ದ ಮಾತು ಅದು.

ಅಪ್ಪ ದನ ಕಾಯುವ ಬಗ್ಗೆ ಇನ್ನೊಂದು ಮಾತು ಹೇಳುತ್ತಿದ್ದರು. ಆಕಳು ಬಾಯಿ ಹಾಕಿದ ಮೇಲೆ ಹೊಡೆಯುವವನು ದಡ್ಡ. ಕುತ್ತಿಗೆ ತಿರುಗುವುದಕ್ಕೆ ಮೊದಲು ಅದರ ಕಿವಿ ತಿರುಗುತ್ತದೆ. ಕಿವಿ ತಿರುಗಿದಾಗಲೇ "ಹೇ" ಎಂದರೆ ಸಾಕು, ಕೋಲು ಬೇಕಾಗುವುದಿಲ್ಲ. ಅಂದು ಕಟ್ಟೆಯ ಮೇಲೆ ನನ್ನ ಮನಸ್ಸಿನ ಕಿವಿ ಯಾವಾಗ ತಿರುಗಿತ್ತು ಎಂದು ಈಗ ಯೋಚಿಸುತ್ತೇನೆ. ಅಕ್ಕ ಪ್ರಶ್ನೆ ಕೇಳಿದಾಗ ಅಲ್ಲ. ಅದಕ್ಕೂ ಮೊದಲು, ನಾವು ಪಂಚಶೀಲ ಹೇಳುವಾಗ ಅವಳು ಕೈ ಮುಗಿಯದೆ ಸುಮ್ಮನೆ ನಿಂತಿದ್ದಳು. ಅದನ್ನು ಕಂಡು ಒಳಗೆ ಏನೋ ಚುರುಕ್ ಎಂದಿತ್ತು. ಆಗ ನಾನು ನೋಡಲಿಲ್ಲ. ಅರ್ಧ ಗಂಟೆಯಲ್ಲಿ ಆ ದನ ಹೊಲದ ನಡುವೆ ನಿಂತಿತ್ತು.

ಈಗ ಇನ್ನೊಂದು ವಿಷಯ. ನಿಜ ಹೇಳಬೇಕೆಂದರೆ ಇಂದಿನ ಚಿಂತನೆ ಬರೆಯಲು ಕೂತದ್ದೇ ಇದಕ್ಕಾಗಿ.

ಬಳಗದ ಒಬ್ಬ ಹುಡುಗ, ಡಿಗ್ರಿ ಓದುವವನು, ಮೊನ್ನೆ ರಾತ್ರಿ ಹನ್ನೊಂದೂವರೆಗೆ ನನಗೆ ಫೋನ್ ಮಾಡಿದ. ಯಾರೋ ಒಬ್ಬ ಬಾಬಾಸಾಹೇಬರನ್ನು ಹೀಯಾಳಿಸಿ ಸ್ಟೇಟಸ್ ಹಾಕಿದ್ದ. ಹಾಕಿದವನು ಇವನ ಜೊತೆ ಶಾಲೆಗೆ ಹೋದವನೇ. ಇವನು ಉತ್ತರ ಬರೆದಿಟ್ಟುಕೊಂಡಿದ್ದಾನೆ. ಆ ಹುಡುಗನ ಅವ್ವ, ಅಕ್ಕತಂಗಿಯರನ್ನು ಎಳೆದು ತಂದ ಮಾತುಗಳು. ಕಳಿಸಲೋ ಬೇಡವೋ ಎಂದು ಕೇಳಲಿಲ್ಲ. ಕಳಿಸುತ್ತೇನೆ, ನಾಳೆ ಹತ್ತು ಮಂದಿ ಕರಕೊಂಡು ಹೋಗುತ್ತೇನೆ, ನೀವು ತಡೆಯಬೇಡಿ ಎನ್ನಲು ಫೋನ್ ಮಾಡಿದ್ದ. ನಾನು ಮನಸ್ಸು ಕಾಯ್ದುಕೋ ಎಂದೆ. ಅದಕ್ಕೆ ಅವನು, "ಕಾಕಾ, ಸಾವಿರಾರು ವರ್ಷ ನಮ್ಮವರು ಮನಸ್ಸು ಕಾಯ್ಕೊಂಡು, ಬಾಯಿ ಮುಚ್ಕೊಂಡೇ ಬಂದಾರ. ಈಗ ನಮ್ಮ ಬುದ್ಧನೂ ಅದನ್ನೇ ಹೇಳ್ತಾನ ಅಂದ್ರ, ನಾವು ಧರ್ಮ ಬಿಟ್ಟು ಬಂದದ್ದು ಯಾತಕ್ಕ?" ಎಂದ.

ಇದು ಸುಲಭದ ಪ್ರಶ್ನೆ ಅಲ್ಲ. ಸಿಟ್ಟು ಬಿಡು ಎಂದು ಹೇಳುವವರು ಯಾವಾಗಲೂ ಹೊಡೆಸಿಕೊಂಡವನಿಗೇ ಹೇಳುತ್ತಾರೆ, ಹೊಡೆದವನಿಗೆ ಹೇಳುವುದಿಲ್ಲ. ಧ್ಯಾನ, ಶಾಂತಿ, ಸಮಾಧಾನ ಎಂದು ಬೋಧಿಸಿ ಅನ್ಯಾಯವನ್ನು ಹಾಗೇ ಮಲಗಿಸುವ ಸ್ವಾಮಿಗಳನ್ನು ನಾವು ಕಂಡಿದ್ದೇವೆ. ಆ ದಾರಿ ನಮ್ಮದಲ್ಲ. ಹಾಗಾಗಿ ಆ ಹುಡುಗನಿಗೆ ಸುತ್ತ ಹೇಳಲಿಲ್ಲ, ಮಹಾಡಿನ ಕಥೆ ಹೇಳಿದೆ. ನಿಮಗೂ ಗೊತ್ತಿರುವುದೇ, ಆದರೂ ಈ ಕಣ್ಣಿಂದ ಇನ್ನೊಮ್ಮೆ ನೋಡಿ.

1927ರ ಮಾರ್ಚ್ 20. ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ ಕೆರೆಯ ನೀರು ಮುಟ್ಟಿದರು, ಕುಡಿದರು. ಕೆಲವೇ ತಾಸುಗಳಲ್ಲಿ ಊರಿನಲ್ಲಿ ಸುಳ್ಳು ಸುದ್ದಿ ಹಬ್ಬಿತು, ಇವರು ವೀರೇಶ್ವರನ ಗುಡಿಗೂ ನುಗ್ಗುತ್ತಾರಂತೆ ಎಂದು. ಅಂದಿನ ವಾಟ್ಸಾಪ್ ಅದು. ಬಡಿಗೆ ಹಿಡಿದ ಗುಂಪು ಪೆಂಡಾಲಿಗೆ ನುಗ್ಗಿ, ಊಟ ಮಾಡುತ್ತಿದ್ದವರನ್ನು, ಗಂಟು ಕಟ್ಟಿ ಊರಿಗೆ ಹೊರಟವರನ್ನು ಹೊಡೆಯಿತು. ನಮ್ಮ ಜನರಲ್ಲಿ ಪಲ್ಟನಿನಿಂದ ಬಂದ ಮಾಜಿ ಸೈನಿಕರಿದ್ದರು. ಕೈ ಕಟ್ಟಿ ಕೂರುವ ಜಾಯಮಾನದವರಲ್ಲ. ಬಾಬಾಸಾಹೇಬರ ಒಂದು ಮಾತಿಗೆ ಕಾಯುತ್ತಿದ್ದರು. ಆ ಮಾತು ಬಂದಿದ್ದರೆ ಅಂದು ಮಹಾಡಿನಲ್ಲಿ ರಕ್ತ ಹರಿಯುತ್ತಿತ್ತು. ಬರಲಿಲ್ಲ. ಶಾಂತವಾಗಿರಿ ಎಂದರು.

ಬಾಬಾಸಾಹೇಬರಿಗೆ ಸಿಟ್ಟು ಇರಲಿಲ್ಲವೇ? ಅದೇ ವರ್ಷ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು. ಸಿಟ್ಟಿಲ್ಲದವರು ಮಾಡುವ ಕೆಲಸವೇ ಅದು? ಆದರೆ ಅದೇ ಡಿಸೆಂಬರಿನಲ್ಲಿ ಇನ್ನೊಂದು ನಡೆಯಿತು. ಮತ್ತೆ ಕೆರೆಗೆ ಹೋಗಲು ಜನ ಸಜ್ಜಾಗಿ ಬಂದಿದ್ದರು. ಅಷ್ಟರಲ್ಲಿ ಮೇಲ್ಜಾತಿಯವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿದ್ದರು. ಜೈಲಿಗಾದರೂ ಹೋಗುತ್ತೇವೆ, ಇಂದೇ ಹೋಗೋಣ ಎಂದು ಜನರ ಒತ್ತಾಯ. ಬಾಬಾಸಾಹೇಬರು ಅವರನ್ನು ಒಪ್ಪಿಸಿ ಸತ್ಯಾಗ್ರಹ ಮುಂದೂಡಿದರು. ಆಮೇಲೆ ಕೇಸು ನಡೆಸಿದರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟು ನಮ್ಮ ಪರವಾಗಿ ತೀರ್ಪು ಕೊಟ್ಟಿತು. ನೀರು ಮುಟ್ಟಿದ ದಿನದಿಂದ ಮೂರು ದಿನ ಕಡಿಮೆ ಹತ್ತು ವರ್ಷ.

ಆ ಹತ್ತು ವರ್ಷ ಅವರು ಏನನ್ನು ಕಾಯ್ದರು ಎಂದು ನಾನು ಹುಡುಗನನ್ನು ಕೇಳಿದೆ. ಸಿಟ್ಟನ್ನು ಕೊಂದಿದ್ದರೆ ಕೇಸು ಎರಡನೇ ವಾಯಿದೆಗೇ ಬಿದ್ದುಹೋಗುತ್ತಿತ್ತು. ಸಿಟ್ಟನ್ನು ಹಗ್ಗ ಬಿಚ್ಚಿ ಬಿಟ್ಟಿದ್ದರೆ ಮಾರ್ಚ್ 20ರ ಸಂಜೆಯೇ ನಮ್ಮವರೆಲ್ಲ ಆರೋಪಿಗಳಾಗಿ ಠಾಣೆಯಲ್ಲಿ ಇರುತ್ತಿದ್ದರು, ಕೆರೆಯ ಮಾತು ಯಾರಿಗೂ ನೆನಪಿರುತ್ತಿರಲಿಲ್ಲ. ದನ ಕಾಯುವವನು ದನವನ್ನು ಕೊಲ್ಲುವುದಿಲ್ಲ. ಅದೇ ಎತ್ತು ನಾಳೆ ನೇಗಿಲು ಎಳೆಯಬೇಕು. ಬೆಳೆಗೆ ಬಾಯಿ ಹಾಕದ ಹಾಗೆ ತಿರುಗಿಸುತ್ತಾನೆ, ಅಷ್ಟೆ. ಎತ್ತು ನೇಗಿಲಿನ ಈ ಮಾತು ಸುತ್ತದಲ್ಲಿಲ್ಲ, ನಾನು ಸೇರಿಸಿದ್ದು. ಸುತ್ತದಲ್ಲಿ ಭಗವಾನರು ದ್ವೇಷದ ವಿಚಾರವನ್ನು ಬಿಟ್ಟೇಬಿಟ್ಟೆ ಎನ್ನುತ್ತಾರೆ. ದ್ವೇಷ ಬೇರೆ, ಅನ್ಯಾಯವನ್ನು ಒಪ್ಪದ ಛಲ ಬೇರೆ ಎಂದು ನಾನು ತಿಳಿದುಕೊಂಡಿದ್ದೇನೆ. ಬಂತೇಜಿಯವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಭಾನುವಾರ ಕೇಳೋಣ. ಆ ಹುಡುಗನ ಮೊಬೈಲಿನಲ್ಲಿದ್ದ ಉತ್ತರದಲ್ಲಿ ಬಾಬಾಸಾಹೇಬರ ಪರವಾಗಿ ಒಂದು ಅಕ್ಷರವೂ ಇರಲಿಲ್ಲ. ಯಾವ ತಪ್ಪೂ ಮಾಡದ ಇಬ್ಬರು ಹೆಣ್ಣುಮಕ್ಕಳ ಹೆಸರಿತ್ತು. ಪರರ ಬೆಳೆ ತಿನ್ನುವುದು ಎಂದರೆ ಅದು.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ ಆಯಿತೇನೋ ಎಂದುಕೊಂಡೆ. ಕೊನೆಗೆ, "ಅಳಿಸ್ದೆ ಕಾಕಾ. ಆದ್ರ ಸುಮ್ಮನ ಕೂಡಂಗಿಲ್ಲ" ಎಂದ. ಸುಮ್ಮನೆ ಕೂರು ಎಂದು ನಾನೂ ಹೇಳಲಿಲ್ಲ. ಮರುದಿನ ನಾವು ನಾಲ್ಕು ಜನ ಅವನ ಜೊತೆ ಹೋಗಿ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು, ಸ್ವೀಕೃತಿ ತೆಗೆದುಕೊಂಡು ಬಂದಿದ್ದೇವೆ. ಅದು ಎಲ್ಲಿಗೆ ಮುಟ್ಟುತ್ತದೋ ನೋಡಬೇಕು. ಪ್ರತಿ ವಾರ ಹೋಗಿ ಕೇಳುವ ಜವಾಬ್ದಾರಿ ಅವನದೇ.

ಅವಸರದ ಬಗ್ಗೆ ಹೇಳುತ್ತೇನೆ ಎಂದಿದ್ದೆ. ಅದಕ್ಕೆ ದೂರ ಹೋಗಬೇಕಿಲ್ಲ, ನಮ್ಮದೇ ಚಿತ್ತಾಪುರ ತಾಲೂಕಿನ ಭೀಮಾ ದಂಡೆಗೆ, ಸನ್ನತಿಗೆ ಹೋದರೆ ಸಾಕು. (ಊರಿನ ಹೆಸರಲ್ಲೇ 'ಚಿತ್ತ' ಇದೆ ಎಂದು ನಮ್ಮ ಬಳಗದ ಹಿರಿಯರೊಬ್ಬರು ನಗಿಸುತ್ತಿರುತ್ತಾರೆ. ಅದು ಹೆಸರಿನ ಆಟ, ಇತಿಹಾಸ ಅಂತ ಹೇಳಿಕೊಂಡು ತಿರುಗಬೇಡಿ.) 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿ ಬಳಸಿದ್ದ ಕಲ್ಲಿನಲ್ಲಿ ಬ್ರಾಹ್ಮಿ ಅಕ್ಷರ ಕಂಡವು. ಸಾಮ್ರಾಟ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಕಲ್ಲನ್ನು ಕೊರೆದಿದ್ದರಿಂದ ಹಲವು ಸಾಲು ಹಾಳಾಗಿವೆ, ಉಳಿದದ್ದು ಉಳಿದಿದೆ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಂದಿಗೆ ನಿಂತ ರಾಜನ ಶಿಲ್ಪ ಸಿಕ್ಕಿತು, ಮೇಲೆ ರಾಯೋ ಅಸೋಕೋ ಎಂದು ಹೆಸರು ಕೊರೆದಿದೆ. ಅದರ ಫೋಟೋ ನಾವೆಲ್ಲ ಸ್ಟೇಟಸ್‌ಗೆ ಹಾಕಿದ್ದೇವೆ. ಕಲ್ಲಿನ ಮೇಲೆ ಏನು ಬರೆದಿದೆ ಎಂದು ಕೇಳಿದವರು ಕಡಿಮೆ.

ಸನ್ನತಿಯ ಕಲ್ಲಿನಲ್ಲಿರುವುದು 12 ಮತ್ತು 14ನೆಯ ಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದಕ್ಕೂ ಮೊದಲು ಒಡಿಶಾದ ಧೌಲಿ, ಜೌಗಡದಲ್ಲಿ ಮಾತ್ರ ಗೊತ್ತಿದ್ದವು. ಧೌಲಿಯ ಪಾಠ ಹೆಚ್ಚು ಪೂರ್ಣವಾಗಿದೆ. ಮೊದಲನೆಯದರಲ್ಲಿ ಅಶೋಕ ತನ್ನ ಅಧಿಕಾರಿಗಳಿಗೆ, ನ್ಯಾಯ ಕೊಡುವವರಿಗೆ ಹೇಳುತ್ತಾನೆ. ಕಾರಣವಿಲ್ಲದೆ ಜನ ಸೆರೆಮನೆಯಲ್ಲಿ ಕೊಳೆಯಬಾರದು. ಹಾಗಾಗಬಾರದಾದರೆ ನಿಮ್ಮ ಮನಸ್ಸಿನಲ್ಲಿ ಏಳು ದೋಷ ಇರಬಾರದು: ಹೊಟ್ಟೆಕಿಚ್ಚು, ಸಿಟ್ಟು, ನಿಷ್ಠುರತೆ, ಅವಸರ, ಅಭ್ಯಾಸವಿಲ್ಲದಿರುವುದು, ಆಲಸ್ಯ, ದಣಿವು. ಇವೆಲ್ಲಕ್ಕೂ ಬುಡ ಯಾವುದು ಎಂದರೆ, ಸಿಟ್ಟಾಗದಿರುವುದು ಮತ್ತು ಅವಸರ ಮಾಡದಿರುವುದು ಎನ್ನುತ್ತಾನೆ.

ಗಮನಿಸಿ, ಇದನ್ನು ಬಡವನಿಗೆ ಹೇಳಿಲ್ಲ. ಕುರ್ಚಿಯ ಮೇಲೆ ಕೂತವನಿಗೆ ಹೇಳಿದ್ದಾನೆ. ಅಧಿಕಾರಿಯ ಮನಸ್ಸು ಕಾವಲಿಲ್ಲದೆ ಇದ್ದರೆ ಸೆರೆ ಬೀಳುವವನು ಬೇರೆ ಯಾರೋ. ನಮ್ಮ ಹುಡುಗ ಹುಡುಗಿಯರು ಈಗ ಪೊಲೀಸ್, ಕಂದಾಯ, ಶಿಕ್ಷಣ ಇಲಾಖೆಗಳಲ್ಲಿ ಕುರ್ಚಿಗೆ ಬರುತ್ತಿದ್ದಾರೆ. ಅವರಿಗೆ ಈ ಕಲ್ಲನ್ನು ತೋರಿಸಿ. ದಣಿವನ್ನೂ ದೋಷದ ಪಟ್ಟಿಗೆ ಸೇರಿಸಿದ್ದಾನಲ್ಲ, ಅದು ನನಗೆ ಬಹಳ ಹಿಡಿಸಿತು. ಸಂಜೆ ಆರು ಗಂಟೆಗೆ ಮನೆಗೆ ಬಂದವರು ಹೆಂಡತಿ ಮಕ್ಕಳ ಮೇಲೆ ಹರಿಹಾಯುವುದು ದುಷ್ಟತನದಿಂದಲ್ಲ, ಎಷ್ಟೋ ಸಲ ಬರೀ ದಣಿವಿನಿಂದ.

12ನೆಯ ಶಾಸನದ್ದು ಇನ್ನೊಂದು ಮಾತು, ನನ್ನ ಕೆನ್ನೆಗೇ ಹೊಡೆದ ಹಾಗೆ. ಬೇರೆ ಬೇರೆ ಮತದವರ ನಡುವೆ ಸಾರ ಬೆಳೆಯಬೇಕು, ಅದರ ಬುಡ ಮಾತಿನ ಮೇಲಿನ ಕಾವಲು. ಕಾರಣವಿಲ್ಲದೆ ತನ್ನ ಮತವನ್ನು ಹೊಗಳಿ ಪರರ ಮತವನ್ನು ತೆಗಳಬಾರದು, ಹಾಗೆ ಮಾಡುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ. ಕಾವಲು ಎನ್ನುವುದಕ್ಕೆ ಅಲ್ಲಿರುವ ಪ್ರಾಕೃತ ಪದ 'ಗುತಿ'. ಕಾಯ್ದ ಮನಸ್ಸು ಎನ್ನಲು ಧಮ್ಮಪದದ ಚಿತ್ತವಗ್ಗ ಬಳಸುವ 'ಗುತ್ತ' ಎಂಬ ಪಾಳಿ ಪದಕ್ಕೂ ಇದಕ್ಕೂ ಬೇರು ಒಂದೇ. ಸನ್ನತಿಗೆ ನಾನು ಎಷ್ಟು ಸಲ ಹೋಗಿ ಬಂದಿದ್ದೇನೆ ಲೆಕ್ಕವಿಲ್ಲ. ಆ ಕಲ್ಲಿನ ಮಾತು ಅಕ್ಕನ ಮುಂದೆ ನೆನಪಾಗಲಿಲ್ಲ.

ಕೊನೆಗೆ, ಸುತ್ತದ ಉಪಮೆ ಅಲ್ಲಿಗೇ ಮುಗಿಯುವುದಿಲ್ಲ. ಬೇಸಿಗೆಯ ಕೊನೆಯ ತಿಂಗಳಲ್ಲಿ ಬೆಳೆಯೆಲ್ಲ ಊರೊಳಗೆ ಬಂದ ಮೇಲೆ ಅದೇ ದನಗಾಹಿ ಮರದ ಕೆಳಗೆ ಕೂರುತ್ತಾನೆ. ಕೋಲು ಬೀಸುವುದಿಲ್ಲ. ಅಗೋ ದನಗಳು ಅಲ್ಲಿವೆ ಎಂಬ ಎಚ್ಚರ ಇದ್ದರೆ ಸಾಕು. ಒಳ್ಳೆಯ ವಿಚಾರಗಳೇ ಮೇಯುತ್ತಿರುವಾಗ ಹೀಗೆ ಎನ್ನುತ್ತಾರೆ ಭಗವಾನರು. ಧ್ಯಾನಕ್ಕೆ ಕೂತ ಕೂಡಲೇ ಮನಸ್ಸನ್ನು ಬಡಿಯುವವರು ನಮ್ಮಲ್ಲಿ ಬಹಳ ಇದ್ದಾರೆ. ಅತ್ತ ಆ ತಾಯಿಯೂ ಹಾಗೇ ಮಾಡುತ್ತಿದ್ದರು. ರಾಶಿ ಮುಗಿದ ಹೊಲದಲ್ಲಿ ದನವನ್ನು ಯಾಕೆ ಹೊಡೆಯಬೇಕು? ಈಗ ಅವರು ಮುಂಜಾನೆ ಹದಿನೈದು ನಿಮಿಷ ಸುಮ್ಮನೆ ಉಸಿರು ನೋಡುತ್ತ ಕೂರುತ್ತಾರಂತೆ. ವಿಚಾರ ಬಂದರೆ "ಬಂತು" ಎನ್ನುತ್ತಾರಂತೆ, ಹೋದರೆ "ಹೋಯ್ತು" ಎನ್ನುತ್ತಾರಂತೆ.

ನಿನ್ನೆ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಮನಸ್ಸಿನಲ್ಲಿ ಏನು ಬಂದಿತ್ತು ಎಂದು ಹೇಳಲಿಲ್ಲ, ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ನಿನ್ನ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ ಅಕ್ಕಾ, ನಮ್ಮಲ್ಲಿ ನಾವೇ ಕಾಯಬೇಕು, ಒಮ್ಮೊಮ್ಮೆ ನಿದ್ದೆ ಹತ್ತುತ್ತದೆ ಎಂದೆ. ಅವಳು ನಕ್ಕಳು. "ನಮಗೂ ಹತ್ತತದೋ ತಮ್ಮಾ" ಎಂದಳು. ಆಮೇಲೆ ತಾನಾಗಿಯೇ ಮಗನ ಕುಡಿತದ ಮಾತು ತೆಗೆದು ಅರ್ಧ ತಾಸು ಮಾತಾಡಿದಳು. ಅವನನ್ನು ಭಾನುವಾರ ನಮ್ಮ ಮನೆಗೆ ಕರೆತರುತ್ತಾಳೆ. ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲಿ ಕುಡಿಯುವುದಿಲ್ಲ ಎಂಬುದೂ ಒಂದು. ಅದನ್ನು ಹಿಡಿದು ಕುಡಿತ ಬಿಟ್ಟವರು ಬಳಗದಲ್ಲಿ ಮೂರು ಜನ ಇದ್ದೀರಿ. ದಯವಿಟ್ಟು ಆ ದಿನ ಬನ್ನಿ. ಅವನನ್ನು ನಮ್ಮ ಕಡೆ ಎಳೆಯುವ ಮಾತು ಬೇಡ, ಅವನ ಜೊತೆ ಕೂತರೆ ಸಾಕು.

ನಾಳೆ ಮಜ್ಝಿಮ ನಿಕಾಯದ 20ನೆಯ ಸುತ್ತ, ಕೆಟ್ಟ ವಿಚಾರವನ್ನು ಕಳೆಯುವ ಐದು ಬಗೆಗಳು. ಬಡಿಗನೊಬ್ಬ ಸಣ್ಣ ಗೂಟದಿಂದ ದೊಡ್ಡ ಗೂಟವನ್ನು ಹೊರಗೆ ಹೊಡೆಯುವ ಉಪಮೆ ಅದರಲ್ಲಿದೆ. ಬಡಗಿ ಕೆಲಸ ಬಲ್ಲವರು ಅದನ್ನು ನಮಗೆಲ್ಲ ಬಿಡಿಸಿ ಹೇಳಬೇಕು.

ನಮೋ ಬುದ್ಧಾಯ. ಜೈ ಭೀಮ್.